ಮಂಗಳಗ್ರಹದ ರಾಣಿಯ ಬಲ ಸೆರಗು

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಕೆಂದು ನಾನು ಗಂಟುಬೀಳುವುದೂ ಇಲ್ಲ. ಯಾಕೆಂದರೆ ನಮ್ಮ ಓಣಿಯಲ್ಲಿ ನಾನು ಹೇಳಿದ್ದನ್ನು ಮೊದಲ ಸಲಕ್ಕೆ ನಂಬಿದವರು ಯಾರೂ ಇಲ್ಲ. ಎರಡನೆಯ ಸಲ ಹೇಳುವ ಹೊತ್ತಿಗೆ ನಾನು ಅದನ್ನು ಸ್ವಲ್ಪ ಹಿಗ್ಗಿಸಿರುತ್ತೇನೆ, ಆಗ ನಂಬುತ್ತಾರೆ. ಸಣ್ಣ ಸುಳ್ಳನ್ನು ಜನ ತಕ್ಕಡಿಯಲ್ಲಿಟ್ಟು ತೂಗಿ ನೋಡುತ್ತಾರೆ, ದೊಡ್ಡದನ್ನು ಎತ್ತಲಾರದೆ ಒಪ್ಪಿಕೊಂಡುಬಿಡುತ್ತಾರೆ; ಇದು ನನ್ನ ಹದಿನೈದು ವರ್ಷದ ಆಯುಷ್ಯದಲ್ಲಿ ನಾನು ಕಂಡುಕೊಂಡ ಸತ್ಯ. ಆದರೆ ಈಗ ಹೇಳಹೊರಟಿರುವುದನ್ನು ಹಿಗ್ಗಿಸುವ ಅವಶ್ಯಕತೆಯೇ ಇಲ್ಲ. ಮಂಗಳಗ್ರಹದ ಒಬ್ಬ ರಾಣಿ ಯಾವ ಹೆಗಲ ಮೇಲೆ ಸೆರಗು ಹೊದ್ದಿದ್ದಳು ಎಂಬ ಒಂದೇ ಪ್ರಶ್ನೆಗಾಗಿ ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳಕ್ಕಿಂತ ಮಾತಿನ ಸಪ್ಪಳ ಜೋರಾಯಿತು, ನಮ್ಮ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿದವು, ಮತ್ತು ಯಾವ ಪಾಪವನ್ನೂ ಮಾಡದ ನಾನು ಮಧ್ಯದಲ್ಲಿ ಸಿಕ್ಕಿಕೊಂಡೆ. ಪಾಪ ಮಾಡದ ಎಂಬ ಮಾತನ್ನು ಬೇಕಾದರೆ ನೀವು ತಕ್ಕಡಿಯಲ್ಲಿಟ್ಟು ನೋಡಬಹುದು.

ಶುರುವಾದದ್ದು ಬಾಗಲಕೋಟೆಯಲ್ಲಿ. ರಜೆಯೆಂದು ನಾನು ಅಲ್ಲಿ ಸೋದರಮಾವನ ಮನೆಗೆ ಹೋಗಿದ್ದೆ. ನನ್ನ ಗೆಳೆಯ ಹುಸೇನನೂ ತನ್ನ ಖಾಲಾನ, ಅಂದರೆ ತಾಯಿಯ ತಂಗಿಯ, ಮನೆಗೆಂದು ಅದೇ ಊರಿಗೆ ಬಂದಿದ್ದ. ಹುಸೇನನ ಮನೆಯವರು ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರು. ಅವನ ಬೆರಳುಗಳನ್ನು ನೋಡಿದರೆ ಆ ವಾರ ಊರಿನಲ್ಲಿ ಯಾವ ಬಣ್ಣದ ಸೀರೆಗೆ ಬೇಡಿಕೆ ಇದೆ ಎಂದು ತಿಳಿಯುತ್ತದೆ. ಊರ ಹೊರಗಿನ ಬಯಲಿನಲ್ಲಿ ಸಿನಿಮಾದ ಡೇರೆ ಬಂದಿದೆ, ಅದರಲ್ಲಿ ಆಕಾಶಕ್ಕೆ ಹಾರುವ ಇಂಗ್ಲಿಷ್ ಚಿತ್ರ ಹಾಕಿದ್ದಾರೆ ಎಂಬ ಸುದ್ದಿ ತಂದವನು ಅವನೇ. ಡೇರೆಯಲ್ಲಿ ಪರದೆಯ ಮುಂದೆ ಕುರ್ಚಿ, ಬೆಂಚು, ನೆಲ ಎಂದು ಮೂರು ಅಂತಸ್ತು. ಪರದೆಯ ಹಿಂದೆ ನಾಲ್ಕನೆಯದೊಂದು ಇತ್ತು: ಬರೀ ಮಣ್ಣು. ಪರದೆ ಎಂದರೆ ತೆಳ್ಳನೆಯ ಬಿಳಿ ಬಟ್ಟೆ. ಚಿತ್ರ ಆ ಕಡೆಯಿಂದ ಬಿದ್ದರೂ ಈ ಕಡೆಗೆ ಸೋರುತ್ತದೆ. ಅಲ್ಲಿ ಕೂತು ನೋಡುವುದಕ್ಕೆ ದರ ಬಹಳ ಕಡಿಮೆ, ಹಾಗಾಗಿ ನಮ್ಮಂಥ ರಸಿಕರೆಲ್ಲ ಅಲ್ಲಿಯೇ ಸೇರುತ್ತಿದ್ದರು. ನಾವಿಬ್ಬರೂ ಅಂಗಾತ ಮಲಗಿ, ತಲೆಯ ಕೆಳಗೆ ಚಪ್ಪಲಿ ಇಟ್ಟುಕೊಂಡು, ಮಂಗಳಗ್ರಹಕ್ಕೆ ಹೋದೆವು.

ಚಿತ್ರ ಶುರುವಾದ ಕೂಡಲೆ ಪರದೆಯ ಮೇಲೆ ವಿಚಿತ್ರ ಅಕ್ಷರಗಳು ಬಂದವು. ಇಂಗ್ಲಿಷಿನ ಹಾಗೆ ಇದ್ದವು, ಆದರೆ ಇಂಗ್ಲಿಷ್ ಅಲ್ಲ. ಸಾಲಿಯಲ್ಲಿ ನಮಗೆ ಇಂಗ್ಲಿಷ್ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲವಾದರೂ ಅಕ್ಷರ ಗುರುತು ಹಿಡಿಯುವಷ್ಟು ಪಂಡಿತ ನಾನಾಗಿದ್ದೆ. “ಇದು ಯಾವ ಲಿಪಿನೋ?” ಎಂದ ಹುಸೇನ. “ಮಂಗಳಗ್ರಹದ್ದು” ಎಂದೆ. ಅವನು ತಲೆಯಾಡಿಸಿದ. ಇಂಥ ಪ್ರಶ್ನೆಗಳಿಗೆ ತಡಮಾಡದೆ ಉತ್ತರ ಕೊಡಬೇಕು. ತಡಮಾಡಿದರೆ ಎದುರಿನವನೇ ಯೋಚಿಸಲು ಶುರುಮಾಡುತ್ತಾನೆ.

ಚಿತ್ರದ ಕಥೆ ಸಣ್ಣದು. ಭೂಮಿಯ ಮೂವರು ಗಂಡಸರು ಒಂದು ಕೊಳವೆಯಂಥ ವಿಮಾನದಲ್ಲಿ ಮಂಗಳಗ್ರಹಕ್ಕೆ ಹೋಗುತ್ತಾರೆ, ಅಲ್ಲಿಯ ರಾಣಿ ಅವರನ್ನು ಸೆರೆ ಹಿಡಿಯುತ್ತಾಳೆ, ಆಮೇಲೆ ಅವರಲ್ಲಿ ಚೆಂದ ಇರುವವನ ಮೇಲೆ ಅವಳಿಗೆ ಮನಸ್ಸಾಗುತ್ತದೆ, ಚೂಪುಗಡ್ಡದ ಮಂತ್ರಿಗೆ ಅದು ಸೇರುವುದಿಲ್ಲ. ಇಷ್ಟೆ. ಮಾತೆಲ್ಲ ಇಂಗ್ಲಿಷಿನಲ್ಲಿ ಇದ್ದುದರಿಂದ ನನಗೆ ಬಹಳ ಅನುಕೂಲವಾಯಿತು. ಊರಿಗೆ ಬಂದು ಕಥೆ ಹೇಳುವಾಗ ಎಲ್ಲರ ಬಾಯಿಗೂ ನಾನೇ ಮಾತು ಹಾಕಿದೆ. ನನ್ನ ಮಂತ್ರಿ ಸಿನಿಮಾದ ಮಂತ್ರಿಗಿಂತ ಚೆನ್ನಾಗಿ ಬೈಯುತ್ತಿದ್ದ.

ಊರಿಗೆ ಬಂದು ಹೇಳಿದ್ದು ಎಂದರೆ ನಮ್ಮ ಮಗ್ಗದ ಪಡಸಾಲೆಯಲ್ಲಿ. ನಮ್ಮದು ಸೀರೆ ನೇಯುವ ಮನೆ. ಅಪ್ಪ ನೇಯಿಸುತ್ತಾರೆ, ಅಣ್ಣ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಾನೆ, ಓಣಿಯ ಹೆಂಗಸರು ಕಂಡಿಕೆ ಸುತ್ತಲು ನಮ್ಮ ಪಡಸಾಲೆಗೇ ಬರುತ್ತಾರೆ. ಲಾಳಿಯೊಳಗೆ ಹಾಕುವ ಸಣ್ಣ ಕಡ್ಡಿಗೆ ನೂಲು ಸುತ್ತುವುದಕ್ಕೆ ಕಂಡಿಕೆ ಸುತ್ತುವುದು ಎನ್ನುತ್ತಾರೆ. ಅದರಷ್ಟು ಬೇಸರದ ಕೆಲಸ ಮಂಗಳಗ್ರಹದಲ್ಲೂ ಇರಲಾರದು. ಕೈಗೆ ಕೆಲಸ ಇರುತ್ತದೆ, ಕಿವಿಗೆ ಇರುವುದಿಲ್ಲ. ಆ ಖಾಲಿ ಕಿವಿಗಳೇ ನನ್ನ ಹೊಲ.

ಸಿನಿಮಾ ನೋಡಿದವನನ್ನು ಬೇರೆ ಊರಿನಲ್ಲಿ ಏನು ಕೇಳುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಕೇಳುವುದು ಬಟ್ಟೆಯ ವಿಚಾರ. ವಿಮಾನ ಹೇಗೆ ಹಾರಿತು ಎಂದು ಒಬ್ಬರೂ ಕೇಳಲಿಲ್ಲ. “ರಾಣಿ ಮೈಮ್ಯಾಲೆ ಏನಿತ್ತೋ?” ಎಂದರು. ಬೆಳ್ಳಿಯಂತೆ ಹೊಳೆಯುವ ಉದ್ದನೆಯ ಅಂಗಿ, ಅದರ ಮೇಲೆ ಒಂದು ಹೆಗಲಿನಿಂದ ಬೆನ್ನ ಹಿಂದೆ ನೆಲದವರೆಗೆ ಇಳಿಬಿದ್ದು ಹಾರಾಡುವ ಬಟ್ಟೆ, ಮೊಳಕಾಲಿನವರೆಗೆ ಬೂಟು, ತಲೆಯ ಮೇಲೆ ಸೂರ್ಯಕಾಂತಿ ಹೂವಿನಂಥ ಕಿರೀಟ ಎಂದು ನಾನು ಹೇಳಿದೆ.

“ಜರಿ ಖರೇದೋ ನಕಲಿದೋ?” ಎಂದ ಅಣ್ಣ, ಕುಣಿಯೊಳಗಿಂದಲೇ.

“ಖರೇದು. ಕಣ್ಣಿಗೆ ಹೊಡೀತಿತ್ತು.”

“ಅಂಚಿನ ದಡಿ ಎಷ್ಟು ಅಗಲ ಇತ್ತು?”

“ಗೇಣು.”

“ಗೇಣು ದಡಿ ಹಾಕ್ಕೊಂಡು ಹಾರಾಡ್ತಾಳ? ಭಾರ ಆಗೂದಿಲ್ಲೇನು ಆಕಿಗೆ?”

ಅಲ್ಲಿ ಯಾವುದಕ್ಕೂ ಭಾರ ಇಲ್ಲ ಎಂದು ನಾನು ವಿಜ್ಞಾನದ ಸಹಾಯದಿಂದ ಪಾರಾದೆ. ಅದೇ ವಿಜ್ಞಾನ ನನಗೆ ಮುಳುವಾಗುವುದರಲ್ಲಿತ್ತು. ಮಂಗಳಗ್ರಹದಲ್ಲಿ ಗಾಳಿಯೇ ಇಲ್ಲವೆಂದು ಮಾಸ್ತರರು ಹೇಳಿದ್ದಾರೆ, ಗಾಳಿ ಇಲ್ಲದಿದ್ದರೆ ರಾಣಿಯ ಸೆರಗು ಹಾರಿದ್ದು ಹೇಗೆ ಎಂದು ಯಾರೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಶಾಂತವ್ವ ಉತ್ತರ ಹೇಳಿದಳು: “ಒಳ್ಳೇ ರೇಷ್ಮಿ ಇದ್ರ ಗಾಳಿ ಯಾಕ ಬೇಕ? ತಾನ ಹಾರ್ತದ.” ಎಲ್ಲರೂ ಹೌದೆಂದರು. ವಿಜ್ಞಾನ ಅಲ್ಲಿಗೆ ಸುಮ್ಮನಾಯಿತು.

ಚಿತ್ರ ಕಪ್ಪು ಬಿಳುಪಿನದು. ಆದರೆ ಬಣ್ಣದ ಮನೆಯ ಹುಸೇನನಿಗೆ ಅದು ಅಡ್ಡಿಯಾಗಲಿಲ್ಲ. ರಾಣಿಯ ಸೆರಗು ಗಿರಿಕುಂಕುಮದ ಬಣ್ಣದ್ದು ಎಂದು ಅವನು ಪ್ರಮಾಣ ಮಾಡಿದ. ಹೇಗೆ ಗೊತ್ತು ಎಂದರೆ, “ಗಿರಿಕುಂಕುಮ ಕತ್ತಲದಾಗ ಹೆಂಗ ಕಾಣತೈತಿ ಅಂತ ನನಗ ಗೊತ್ತೈತಿ. ರಾತ್ರಿ ಕಂದೀಲ ಆರಿದ ಮ್ಯಾಲೆ ಬಣ್ಣದ ಹಂಡೇವು ನಾನ ನೋಡೂದು” ಎಂದ. ಇನ್ನೊಂದು ಸಂಜೆ ಮಂಗಳಗ್ರಹದ ಬಂಡೆಗಳ ವಿಚಾರ ಬಂದಾಗ, ಆ ಚಿತ್ರವನ್ನು ತೆಗೆದದ್ದು ಬಾದಾಮಿಯಲ್ಲಿ ಎಂದ. ಗುಡ್ಡ ಅದೇ, ಸೀಳು ಅದೇ, ಅಷ್ಟೇ ಅಲ್ಲ, ಒಂದು ಬಂಡೆಯ ಮೇಲೆ ಮಂಗ ಕೂತಿತ್ತಂತೆ. ಮಂಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ಗೆಳೆಯನ ಮಂಗವನ್ನು ಇಲ್ಲವೆನ್ನುವುದು ನನ್ನ ಸ್ವಭಾವ ಅಲ್ಲ. “ಎರಡು ಇದ್ದವು” ಎಂದೆ.

ಈಗ ಆಯಿಯ ವಿಷಯಕ್ಕೆ ಬರಬೇಕು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಸಿನಿಮಾವನ್ನು ಹೆಂಡದಂಗಡಿಯ ಪಕ್ಕದಲ್ಲಿಟ್ಟವರು. ಬಾಗಲಕೋಟೆಯ ವಿಷಯ ಅವರ ಕಿವಿಗೆ ಬಿದ್ದದ್ದೇ ಎರಡು ದಿನ ನನ್ನನ್ನು ನೋಡುವ ಬದಲು ನನ್ನ ಹಿಂದಿನ ಗೋಡೆಯನ್ನು ನೋಡಿ ಮಾತಾಡಿದರು. ಆದರೆ ಅಪ್ಪನ ಮೇಲೊಂದು ಕೋರ್ಟು ಇದೆ. ಅದು ಕಂಬಕ್ಕೆ ಒರಗಿ, ಎಲೆಗೆ ಸುಣ್ಣ ಹಚ್ಚುತ್ತ ಕೂತಿರುತ್ತದೆ. ಆಯಿ ಹೊರಟರೆ ಓಣಿಯ ಹೆಂಗಸರೆಲ್ಲ ಹೊರಡುತ್ತಾರೆ, ಆಯಿ ಬೇಡವೆಂದರೆ ಬೆಕ್ಕು ಕೂಡ ಹೊಸ್ತಿಲು ದಾಟುವುದಿಲ್ಲ. ಸಿನಿಮಾದ ಹೆಣ್ಣುಗಳೆಂದರೆ ಮಾನವಿಲ್ಲದವರು ಎಂಬುದು ಅಲ್ಲಿಯವರೆಗೆ ಆ ಕೋರ್ಟಿನ ತೀರ್ಪಾಗಿತ್ತು.

ಒಂದು ಸಂಜೆ ನಾನು ರಾಣಿಯ ಸೆರಗು ಬಲ ಹೆಗಲಿನಿಂದ ಇಳಿದಿತ್ತು ಎಂದದ್ದೇ ತಡ, ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು.

“ಯಾವ ಹೆಗಲ ಅಂದಿ?”

“ಬಲಕ್ಕ, ಆಯಿ.”

“ಕಣ್ಣಿಲೆ ನೋಡೀಯೋ, ಬಾಯಿಲೆ ನೋಡೀಯೋ?”

“ಕಣ್ಣಿಲೇನ. ಹುಸೇನಗ ಕೇಳ್ರಿ ಬೇಕಾದ್ರ.”

ಹುಸೇನನೂ ಬಲಕ್ಕೇ ಎಂದ. ಇಬ್ಬರೂ ಖರೆ ಹೇಳಿದ್ದೆವು. ನಾನು ಖರೆ ಹೇಳಿದ ಸಂದರ್ಭಗಳು ನನಗೆ ಚೆನ್ನಾಗಿ ನೆನಪಿರುತ್ತವೆ.

ಇದರಲ್ಲಿ ಏನಿದೆ ಎಂದು ಬೇರೆ ಕಡೆಯವರು ಕೇಳಬಹುದು. ನಮ್ಮ ಓಣಿಯಲ್ಲಿ ಹೆಂಗಸರು ಸೆರಗನ್ನು ಬಲ ಹೆಗಲ ಮೇಲಿನಿಂದ ತಂದು ತಲೆಗೆ ಹೊದೆಯುತ್ತಾರೆ. ಆಯಿಯ ಆಯಿಯೂ ಹಾಗೆಯೇ ಹೊದೆಯುತ್ತಿದ್ದಳಂತೆ. ಹೋದ ವರ್ಷ ಅಣ್ಣನ ಮದುವೆಯಾಗಿ ಧಾರವಾಡದಿಂದ ವೈನಿ ಬಂದಳು. ಅವಳು ಮ್ಯಾಟ್ರಿಕ್ ಆದವಳು, ಸೆರಗು ಎಡಕ್ಕೆ. ಬಂದ ಮೊದಲನೆಯ ದಿನವೇ ಆಯಿ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಮೊಮ್ಮಗನ ಹೆಂಡತಿಗೆ ನೇರವಾಗಿ ಅನ್ನುವುದು ಹಿರಿಯರಿಗೆ ಭೂಷಣವಲ್ಲ. ಹಾಗಾಗಿ ಬೆಕ್ಕಿಗೆ ಅನ್ನುತ್ತಿದ್ದಳು. “ಎಡಕ್ಕ ಹೋಗಬ್ಯಾಡವಾ ಬೆಕ್ಕೇ, ನಮ್ಮ ಮನ್ಯಾಗ ಎಲ್ಲಾ ಬಲಕ್ಕ” ಎಂದು. ವೈನಿ ಬೆಕ್ಕಿಗೆ ಹಾಲು ಹಾಕಿ, ನಕ್ಕು, ಸೆರಗನ್ನು ಎಡ ಹೆಗಲ ಮೇಲೆ ಇನ್ನಷ್ಟು ಬಿಗಿಮಾಡಿ ಒಳಗೆ ಹೋಗುತ್ತಿದ್ದಳು. ಒಂದು ವರ್ಷದಿಂದ ನಡೆದಿದ್ದ ಈ ವ್ಯಾಜ್ಯಕ್ಕೆ ಮೊದಲನೆಯ ಸಾಕ್ಷಿ ಬಂದದ್ದು ಮಂಗಳಗ್ರಹದಿಂದ.

“ಕೇಳಿದೇನವಾ?” ಎಂದಳು ಆಯಿ, ಈ ಸಲ ಬೆಕ್ಕನ್ನು ಬಿಟ್ಟು ನೇರವಾಗಿ ವೈನಿಗೆ. “ಚುಕ್ಕಿಯೊಳಗ ಇರೂ ರಾಣಿನೂ ಬಲಕ್ಕ ಹೊದೀತಾಳಂತ. ಧಾರವಾಡಕ್ಕಷ್ಟ ಸುದ್ದಿ ಮುಟ್ಟಿಲ್ಲ.”

“ತಲಿ ಮ್ಯಾಲೆ ಹೊದ್ದಿದ್ಳೇನಪಾ ಗುರು?” ಎಂದಳು ವೈನಿ ನನ್ನ ಕಡೆ ತಿರುಗಿ.

“ಇಲ್ರಿ ವೈನಿ, ಕಿರೀಟ ಇತ್ತು.”

“ಕಿರೀಟ ಇದ್ರ ನಡೀತದ” ಎಂದು ಆಯಿ ಅಲ್ಲೇ ತೀರ್ಪು ಕೊಟ್ಟಳು. “ರಾಣಿಗೆ ಹೊದಿ ಅನ್ನಾಕ ಬರ್ತದೇನು?”

ಇಷ್ಟರಲ್ಲಿ ನಿಂತಿದ್ದರೆ ಎಲ್ಲರಿಗೂ ಸುಖವಿತ್ತು. ಮುಂದಿನ ವಾರ ಅದೇ ಡೇರೆ ಅದೇ ಚಿತ್ರವನ್ನು ಹೊತ್ತುಕೊಂಡು, ಹುನಗುಂದದ ದಾರಿ ಹಿಡಿದು ನಮ್ಮ ಊರಿಗೇ ಬಂತು. ನನ್ನ ಆನಂದವನ್ನು ಏನು ಹೇಳಲಿ. ಅಪ್ಪ ನನ್ನನ್ನು ಬಿಡುವುದಿಲ್ಲ, ಆದರೆ ಆಯಿ ಹೊರಟರೆ ಅವಳ ಕೈ ಹಿಡಿದು ನಡೆಸಲು ಒಬ್ಬ ಬೇಕಲ್ಲವೇ? ಹೆಂಗಸರ ಎದುರಿಗೆ ನಾನು ಮತ್ತೊಮ್ಮೆ ರಾಣಿಯನ್ನು ಕರೆಸಿ, ಸೆರಗಿಗೆ ಇನ್ನೂ ಒಂದು ಮೊಳ ಸೇರಿಸಿದೆ. ವೈನಿಗೂ ಸಿನಿಮಾ ನೋಡುವ ಆಸೆ. ಅವಳು ಬಹಳ ಮೆತ್ತಗೆ ಹೇಳಿದಳು:

“ಹಂಗಾದ್ರ ನೋಡೇ ಬಿಡೂಣು ನಡೀರಿ ಆಯಿ. ಆಕಿ ಬಲಕ್ಕ ಹೊದ್ದಿದ್ರ ನಾಳಿಂದ ನಾನೂ ಬಲಕ್ಕ ಹೊದೀತೇನಿ.”

ಪಡಸಾಲೆಯಲ್ಲಿ ಕಂಡಿಕೆ ಸುತ್ತುವ ಕೈಗಳೆಲ್ಲ ನಿಂತವು. ಒಂದು ವರ್ಷದಲ್ಲಿ ಬೆಕ್ಕಿನಿಂದ ಆಗದ ಕೆಲಸ ಅದು.

“ಎಡಕ್ಕ ಇದ್ರ?” ಎಂದಳು ಶಾಂತವ್ವ. ನೆರೆಹೊರೆ ಎಂದರೆ ಇಂಥ ಪ್ರಶ್ನೆ ಕೇಳುವುದಕ್ಕೇ ಇರುವುದು.

ಆಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಎಡಕ್ಕ ಇದ್ರ ನಾ ಇನ್ನ ಮ್ಯಾಲೆ ಸೆರಗಿನ ಮಾತ ಎತ್ತೂದಿಲ್ಲ. ಮತ್ತ ಈ ಗುರ್ಯಾ ಸಿನಿಮಾದ ಹೆಸರ ಎತ್ತೂದಿಲ್ಲ. ಮ್ಯಾಟ್ರಿಕ್ ಮುಗಿಯೂತನಾ ಸಂಜೀಕ ಇಲ್ಲೇ ಕುಂತು ಕಂಡಿಕಿ ಸುತ್ತಬೇಕು. ಸುಳ್ಳ ಹೇಳಿ ಹಿರ್ಯಾರನ್ನ ಡೇರೇಕ ಕರಕೊಂಡು ಹೋದಂವಗ ಅಷ್ಟಾದ್ರೂ ಆಗಬೇಕು.”

ನಾನು ನಕ್ಕೆ. ಕಣ್ಣಾರೆ ಕಂಡವನಿಗೆ ಭಯವೇನು? “ಆಗಲಿ ಆಯಿ” ಎಂದೆ, ಎದೆ ಉಬ್ಬಿಸಿಕೊಂಡು. ಜೀವನದಲ್ಲಿ ಒಮ್ಮೆ ಖರೆ ಹೇಳಿದಾಗ ಬರುವ ಧೈರ್ಯವೇ ಬೇರೆ. ಅಭ್ಯಾಸ ಇಲ್ಲದವರು ಅದನ್ನು ಜಾಸ್ತಿ ಬಳಸಬಾರದು ಎಂದು ಆಮೇಲೆ ತಿಳಿಯಿತು.

ಡೇರೆಯ ಮೊದಲ ಆಟಕ್ಕೇ ಹೋದವನು ಶಂಕರ್ಯಾ. ಅವನ ತಂದೆ ದವಾಖಾನೆಯಲ್ಲಿ ಕಂಪೌಂಡರು, ಅವರಿಗೆ ಕುರ್ಚಿ ಫುಕಟ್, ಕಾಸು ಕೊಡಬೇಕಿಲ್ಲ. ಶಂಕರ್ಯಾ ನಮ್ಮ ಕ್ಲಾಸಿನವನೇ. ಹೊಸ ಕುರ್ಚಿಯಲ್ಲಿ ಕೂತು ಬಂದವನ ಗತ್ತಿನಲ್ಲಿ ಮರುದಿನ ಬಂದು ಹೇಳಿದ.

“ನಿಮ್ಮ ರಾಣಿ ನೋಡಿದ್ನೆಪಾ. ಸೆರಗ ಎಡಕ್ಕ ಐತಿ.”

“ನಿನ್ನ ಕಣ್ಣಾಗ ಔಷಧಿ ಬಿದ್ದೈತಿ” ಎಂದೆ ನಾನು.

“ಲೇ, ಎಡಕ್ಕ. ಮತ್ತ ಬಲಗೈಲೆ ಸಲಾಮ ಹೊಡೀತಾರ ಎಲ್ಲಾರೂ.”

“ಸುಳ್ಳ. ಎಡಗೈಲೆ ಹೊಡೀತಾರ. ಮಂಗಳದಾಗ ಊಟಾನೂ ಎಡಗೈಲೇನ” ಎಂದು ಹುಸೇನ ಎದ್ದುನಿಂತ. “ನಾ ಕಣ್ಣಾರೆ ನೋಡೇನಿ. ಮಂತ್ರಿ ಕತ್ತಿ ಹಿಡದಿದ್ದೂ ಎಡಗೈಯಾಗ.”

ಶಂಕರ್ಯಾ ಬಲಗೈಯೆಂದ, ಹುಸೇನ ಎಡಗೈಯೆಂದ, ಯಾವ ಕೈಯಿಂದ ಎಂದು ತಿಳಿಯದ ಒಂದು ಏಟು ನನಗೂ ಬಿತ್ತು. ಸುದ್ದಿ ಆಯಿಯವರೆಗೆ ಹೋಯಿತು. ನನಗೆ ಸ್ವಲ್ಪ ಅಳುಕಾಯಿತು, ಆದರೆ ಆಯಿ ತಲೆಕೆಡಿಸಿಕೊಳ್ಳಲಿಲ್ಲ. “ಅವರ ಮನ್ಯಾಗ ಎಲ್ಲಾ ಎಡ ಸೆರಗಿನವ್ರು. ಅವನ ಕಣ್ಣಿಗೆ ಬ್ಯಾರೆ ಹೆಂಗ ಕಂಡೀತು?” ಎಂದಳು. ಕಣ್ಣು ಕೂಡ ಮನೆತನದ ಪ್ರಕಾರ ನೋಡುತ್ತದೆ ಎಂಬ ಈ ಸಿದ್ಧಾಂತವನ್ನು ನಾನು ಆ ಕ್ಷಣಕ್ಕೆ ಮನಸಾರೆ ಒಪ್ಪಿದೆ.

ಆದರೆ ಒಳಗೆ ಹುಳ ಹೊಕ್ಕಿತ್ತು. ಶಂಕರ್ಯಾ ಜಂಬದವನು ನಿಜ, ಸುಳ್ಳು ಹೇಳುವಷ್ಟು ಬುದ್ಧಿವಂತ ಅಲ್ಲ. ಅದನ್ನೇ ಯೋಚಿಸುತ್ತ ಸಂಜೆ ಪೇಟೆಗೆ ಹೊರಟೆ. ಬಜಾರಿನ ರಸ್ತೆಗೆ ಅಡ್ಡವಾಗಿ ಡೇರೆಯವರು ಒಂದು ಬಿಳಿ ಬಟ್ಟೆ ಕಟ್ಟಿದ್ದರು. ಅದರ ಮೇಲೆ ಕೆಂಪು ಬಣ್ಣದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚಿತ್ರದ ಹೆಸರು. ಓದಿದೆ, ಕೆಳಗೆ ಹಾದು ಮುಂದೆ ಹೋದೆ. ಹಿಂದಿನಿಂದ ಒಂದು ಚಕ್ಕಡಿ ಬಂತೆಂದು ತಿರುಗಿ ನೋಡಿದರೆ, ಬಟ್ಟೆಯ ಈ ಮಗ್ಗುಲಿಗೆ ಇಳಿಬಿಸಿಲು ಹಾಯ್ದು ಅಕ್ಷರಗಳು ಎದ್ದು ಕಾಣುತ್ತಿವೆ. ಮಂಗಳಗ್ರಹದ ಲಿಪಿ.

ಚಕ್ಕಡಿಯವನು “ಸರಿಯೋ ತಮ್ಮಾ, ರಸ್ತಾದಾಗ ಏನ ಕನಸ ಕಾಣಾಕತ್ತಿ” ಎಂದು ಕೂಗಿದ. ನಾನು ಸರಿಯಲಿಲ್ಲ. ಬಟ್ಟೆಯ ಆ ಕಡೆ ಹೋಗಿ ನೋಡಿದೆ, ಈ ಕಡೆ ಬಂದು ನೋಡಿದೆ. ಆ ಕಡೆ ಕನ್ನಡ, ಈ ಕಡೆ ಮಂಗಳ. ಪರದೆಯ ಹಿಂದೆ ಕೂತು ನೋಡಿದವರಿಗೆ ಜಗತ್ತೆಲ್ಲ ಎಡಚ. ಮಂತ್ರಿಯೂ ಎಡಚ, ಸಲಾಮೂ ಎಡಗೈಯದು, ಮತ್ತು ರಾಣಿಯ ಸೆರಗು, ಅಯ್ಯೋ ನನ್ನ ದೈವವೇ, ಬಲಕ್ಕೆ. ಮುಂದೆ ಕೂತವರಿಗೆ ಎಡಕ್ಕೆ.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ, ತಪ್ಪಾಯಿತು ಆಯಿ, ಹೀಗೆ ಹೀಗೆ ಎಂದು ಹೇಳುತ್ತಿದ್ದರು. ನಾನೂ ಹಾಗೆ ಮಾಡಬೇಕೆಂದು ಪೂರ್ತಿ ಒಂದು ಓಣಿಯಷ್ಟು ದೂರ ನಿಶ್ಚಯ ಮಾಡಿದ್ದೆ. ಆದರೆ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಪಡಸಾಲೆಯ ಮೂಲೆಯಲ್ಲಿ ಕಂಡಿಕೆ ಸುತ್ತುವ ರಾಟಿ ಕಣ್ಣಿಗೆ ಬಿತ್ತು. ಮ್ಯಾಟ್ರಿಕ್ ಮುಗಿಯುವವರೆಗಿನ ಸಂಜೆಗಳೆಲ್ಲ ಅದಕ್ಕೆ ಸುತ್ತಿಕೊಂಡಂತೆ ಕಂಡವು. ಮನುಷ್ಯನ ಬುದ್ಧಿ ಇಂಥ ಹೊತ್ತಿನಲ್ಲೇ ಬೆಳಗುವುದು. ರಾಣಿಯ ಸೆರಗನ್ನು ನಾನು ಬದಲಿಸಲಾರೆ. ನಿಜ. ಆದರೆ ನಮ್ಮ ಓಣಿಯ ಹೆಂಗಸರು ಎಲ್ಲಿ ಕೂರಬೇಕು ಎಂಬುದನ್ನು ಯಾಕೆ ಬದಲಿಸಬಾರದು?

ಅವತ್ತಿನಿಂದ ನಾನು ಪರದೆಯ ಹಿಂಭಾಗದ ಪ್ರಚಾರಕನಾದೆ. ಮುಂದೆ ಕೂತರೆ ಗಂಡಸರ ಬೀಡಿಯ ಹೊಗೆ, ಹಿಂದೆ ಹಾಗಿಲ್ಲ. ಮುಂದೆ ಕೂತರೆ ಎದುರಿನವರ ರುಮಾಲು ಅಡ್ಡ, ಹಿಂದೆ ಪರದೆ ಬಿಟ್ಟರೆ ಎದುರಿಗೆ ಯಾರೂ ಇಲ್ಲ. ಮುಂದೆ ಯಂತ್ರದ ಗರಗರ ಕಿವಿಗೆ ಬಡಿಯುತ್ತದೆ, ಹಿಂದೆ ತಂಪು ಗಾಳಿ. ಕಾಲು ಚಾಚಬಹುದು, ಎಲೆ ಅಡಿಕೆ ಹಾಕಬಹುದು, ಉಗುಳಲು ಬಯಲಿದೆ. ಈ ಕೊನೆಯ ಮಾತು ಆಯಿಯ ಮನಸ್ಸಿಗೆ ಬಂದಂತೆ ಕಂಡಿತು. ಹುಸೇನನಿಗೆ ಮಾತ್ರ ನಾನು ಖರೆ ವಿಷಯ ಹೇಳಿದೆ. ಅವನು “ಅಂದ್ರ ಮಂಗ್ಯಾ ಎಡಗಡೆ ಬಂಡೆ ಮ್ಯಾಲೆ ಇತ್ತೇನು?” ಎಂದ.

ವೈನಿ ಮಾತ್ರ ಒಪ್ಪಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

“ಹಿಂದ ಅಷ್ಟು ಚಲೋ ಇದ್ರ ಕುರ್ಚಿ ಯಾಕ ಮುಂದ ಹಾಕ್ಯಾರಪಾ ಗುರು?”

“ಶ್ರೀಮಂತರಿಗೆ ಬುದ್ಧಿ ಇರೂದಿಲ್ರಿ ವೈನಿ.”

“ಕಂಪೌಂಡರ ಮಗಗ ಎಡಕ್ಕ ಕಂಡತಂತ. ಅಂವ ಎಲ್ಲಿ ಕುಂತಿದ್ದ?”

“ಮುಂದ.”

“ನೀವಿಬ್ರೂ?”

ನಾನು ರೊಟ್ಟಿ ಬಹಳ ಚೆನ್ನಾಗಿ ಉಬ್ಬಿದೆ ಎಂದು ಹೊಗಳಿದೆ. ವೈನಿ ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ ಅದರ ಆ ಮಗ್ಗುಲನ್ನು ಒಂದು ಗಳಿಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ನನ್ನ ತಾಟಿಗೆ ಇಟ್ಟಳು. ನನ್ನ ಬಗ್ಗೆ ಇಷ್ಟು ಪ್ರೀತಿ ಇರುವವಳು ನನ್ನಿಂದಾಗಿ ಸೆರಗು ಬದಲಿಸಬೇಕಾಗುತ್ತದಲ್ಲ ಎಂದು ನನಗೆ ಒಂದು ರೊಟ್ಟಿ ಮುಗಿಯುವವರೆಗೆ ಕೆಡುಕೆನಿಸಿತು. ಎರಡನೆಯ ರೊಟ್ಟಿಗೆ, ಬಲಕ್ಕೆ ಹೊದ್ದರೂ ವೈನಿ ಚೆಂದವೇ ಕಾಣುತ್ತಾಳೆ ಎಂದು ಸಮಾಧಾನ ತಂದುಕೊಂಡೆ.

ಕೊನೆಗೆ ಆಯಿ ಹೂಂ ಅಂದಳು. ಹಿಂದೆಯೇ ಕೂರುವುದು ಎಂದು ನಿಶ್ಚಯವಾಯಿತು. ಆ ಸಂಜೆ ನಮ್ಮ ಪಡಸಾಲೆ ನೋಡಬೇಕಿತ್ತು. ಓಣಿಯ ಹೆಂಗಸರೆಲ್ಲ ಪೆಟ್ಟಿಗೆಯ ಸೀರೆ ಉಟ್ಟು ಬಂದಿದ್ದರು. ಮಂಗಳಗ್ರಹದ ರಾಣಿಯ ಎದುರಿಗೆ ಇಳಕಲ್ಲಿನವರು ಹಳೆ ಸೀರೆಯಲ್ಲಿ ಕೂರಬಾರದೆಂದು ಶಾಂತವ್ವ ಮನೆಮನೆಗೂ ಹೇಳಿ ಬಂದಿದ್ದಳಂತೆ. ಎಲ್ಲರ ಸೆರಗೂ ಬಲಕ್ಕೆ, ಕಾಲು ಚಾಚಲು ಜಮಖಾನೆ, ಗಂಟಿನಲ್ಲಿ ರೊಟ್ಟಿ, ಅದಕ್ಕೆ ನೆಂಚಿಕೊಳ್ಳಲು ಸೇಂಗಾ ಹಿಂಡಿ. ವೈನಿಯೊಬ್ಬಳು ಎಡ ಸೆರಗಿನಲ್ಲಿ, ಇವತ್ತಿಗೆ ಕೊನೆ ಎಂಬಂತೆ, ಬಾಗಿಲ ಹತ್ತಿರ ನಿಂತಿದ್ದಳು. ಅವ್ವ ಅಡುಗೆಮನೆಯ ದೀಪ ಆರಿಸಿ ಬಂದಳು. ಅಪ್ಪ ಮನೆಯಲ್ಲಿರಲಿಲ್ಲ. ಅದೂ ಒಂದು ಶುಭಶಕುನ ಎಂದುಕೊಂಡೆ. ನಾನು ಆಯಿಯ ಎಲೆಚೀಲ ಹೆಗಲಿಗೆ ಹಾಕಿಕೊಂಡು, ದಂಡನಾಯಕನ ಹಾಗೆ ಹೊಸ್ತಿಲ ಮೇಲೆ ನಿಂತು, “ಎಲ್ಲಾರೂ ನನ್ನ ಹಿಂದ ಬರ್ರಿ. ಮುಂದಿನ ಬಾಗಲದಾಗ ಗದ್ದಲ ಇರತೈತಿ, ನಾವು ಹಿಂದಿನಿಂದ ಹೋಗೂಣು” ಎಂದೆ.

ಆಗ ಅಪ್ಪ ಒಳಗೆ ಬಂದರು.

ನಾನು ಗೋಡೆಗೆ ಅಂಟಿಕೊಂಡೆ. ಹೆಂಗಸರು ತಲೆಯ ಸೆರಗು ಎಳೆದುಕೊಂಡರು. ಅಪ್ಪ ರುಮಾಲು ತೆಗೆದು ಗೂಟಕ್ಕೆ ಹಾಕಲಿಲ್ಲ, ಹಾಗೆಯೇ ನಿಂತು ಆಯಿಯನ್ನು ನೋಡಿದರು.

“ಏನವಾ, ಪರದೆ ಹಿಂದ ಮಣ್ಣಾಗ ಕುಂಡ್ರತೀಯಂತ?”

“ತಂಪ ಇರತದಂತಪಾ ಅಲ್ಲಿ” ಎಂದಳು ಆಯಿ. “ಹುಡುಗ ಹೇಳಿದ.”

“ಹುಡುಗಗ ಏನ ತಿಳೀತದ. ನನ್ನ ತಾಯಿ ಮಣ್ಣಾಗ ಕುಂತಾಳಂದ್ರ ಊರಾಗ ನಾ ಮಾರಿ ಎಲ್ಲಿ ಇಟ್ಟಕೋಬೇಕು?” ಬೈಗುಳ ಶುರುವಾಯಿತೆಂದು ನಾನು ಕಣ್ಣು ಮುಚ್ಚಿದೆ. ಹೋಗುವುದೇ ಬೇಡ ಎಂದುಬಿಟ್ಟರೆ ಸಾಕು, ನಾನು ಉಳಿದೆ. ಅಪ್ಪನ ಸಿಟ್ಟು ಬರಲಿ ಎಂದು ಜೀವಮಾನದಲ್ಲಿ ಮೊದಲ ಸಲ ದೇವರಿಗೆ ಬೇಡಿಕೊಂಡೆ. ಆದರೆ ಅಪ್ಪನ ದನಿ ಮೆತ್ತಗಾಯಿತು. “ಡೇರೆದ ಮ್ಯಾನೇಜರಗ ಹೇಳಿ ಬಂದೇನವಾ. ಪರದೆ ಮುಂದ, ನಟ್ಟನಡುವ, ಎಲ್ಲಾರಿಗೂ ಕುರ್ಚಿ ಹಾಕಿಸ್ಯಾನ. ನಿನಗ ಕೈ ಇರೂ ಕುರ್ಚಿ.”

“ಮುಂದ ಬೀಡಿ ಹೊಗಿ ಅಪ್ಪಾ” ಎಂದೆ ನಾನು. ದನಿ ನನ್ನದೇ ಎಂದು ಆಮೇಲೆ ತಿಳಿಯಿತು.

“ಬಂದ್ ಮಾಡಸೇನಿ.”

“ಎದುರಿಗೆ ರುಮಾಲ ಅಡ್ಡ ಬರತೈತಿ.”

“ಮೊದಲನೇ ಸಾಲು. ಎದುರಿಗೆ ಯಾರೂ ಇಲ್ಲ.” ಅಪ್ಪ ನನ್ನನ್ನು ನೋಡಿದರು, ಗೋಡೆಯನ್ನಲ್ಲ. ಆಮೇಲೆ ಆಯಿಗೆ ಹೇಳಿದರು: “ನನಗೂ ಹೊಳೆದಿರಲಿಲ್ಲವಾ. ಸೊಸಿ ಮಧ್ಯಾಹ್ನ ಹೇಳಿ ಕಳಿಸಿದ್ಲು, ಆಯಿ ಅವರನ್ನ ಹಿಂದ ಕುಂಡ್ರಿಸೂದು ಚಂದ ಅಲ್ಲ ಅಂತ. ಆಕಿಗಾದ್ರೂ ಹಿರ್ಯಾರ ಮರ್ಯಾದಿ ಗೊತ್ತೈತಿ.”

ಆಯಿಯ ಮುಖ ಅರಳಿತು. ಒಂದು ವರ್ಷದಲ್ಲಿ ಅವಳು ವೈನಿಯ ತಲೆ ಸವರಿದ್ದು ಅದೇ ಮೊದಲು. ವೈನಿ ತಲೆ ಬಗ್ಗಿಸಿ, ನೆಲ ನೋಡುತ್ತ, ಎಡ ಹೆಗಲ ಮೇಲಿನ ಸೆರಗನ್ನು ಬಹಳ ನಿಧಾನವಾಗಿ, ಬಹಳ ಅಚ್ಚುಕಟ್ಟಾಗಿ ಸರಿಮಾಡಿಕೊಂಡಳು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದಳು.

“ಮತ್ತ ಗುರ್ಯಾ” ಎಂದರು ಅಪ್ಪ, ನನ್ನ ಭುಜ ತಟ್ಟಿ, ಎಂದೂ ಇಲ್ಲದ ಪ್ರೀತಿಯಿಂದ, “ನೀನೂ ನಡಿ. ಆಯಿ ಮಗ್ಗಲಕ ಕುಂಡ್ರು. ಆಕಿಗೆ ಇಂಗ್ಲಿಷ್ ತಿಳಿಯೂದಿಲ್ಲ, ರಾಣಿ ಬಂದಕೂಡ್ಲೆ ಆಕಿ ಉಡಿಗಿ ತೊಡಿಗಿ ಎಲ್ಲಾ ಒಂದೊಂದ ಬಿಡಿಸಿ ಹೇಳು.”

ಆಯಿ ಎದ್ದು, ನಡೆಯಲು ಆಸರೆಗೆಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. ಯಾವ ಹೆಗಲು ಎಂದು ಮಾತ್ರ ದಯವಿಟ್ಟು ನನ್ನನ್ನು ಕೇಳಬೇಡಿ.